ಕೋಹೌಸಿಂಗ್, ಕಮ್ಯೂನ್, ಇಕೋವಿಲೇಜ್: ಸೇರುವ ಮುಂಚೆ ಅಳೆದು ನೋಡುವುದು ಹೇಗೆ

ನಾಲ್ಕಾರು ಕುಟುಂಬಗಳು ಸೇರಿ ಒಂದೇ ಕಡೆ ಮನೆ ಮಾಡಿಕೊಂಡು, ಒಬ್ಬರಿಗೊಬ್ಬರು ಆಗಿ ಬಾಳಬೇಕು ಅನ್ನುವ ಆಸೆ ಬಹಳ ಜನರಲ್ಲಿದೆ. ಹುಡುಕಲು ಹೊರಟರೆ ಕೋಹೌಸಿಂಗ್, ಕಮ್ಯೂನ್, ಇಕೋವಿಲೇಜ್, ಕೋಆಪರೇಟಿವ್, ಫಾರ್ಮ್ ಕಮ್ಯುನಿಟಿ ಎಂದು ಹತ್ತು ಹೆಸರು ಎದುರಾಗುತ್ತವೆ. ಬ್ರೋಷರಿನ ಚಿತ್ರಗಳೆಲ್ಲ ಒಂದೇ ಥರ: ಮರದ ನೆರಳು, ಉದ್ದನೆಯ ಮೇಜು, ಆಡುವ ಮಕ್ಕಳು. ಒಳಗಿನ ಲೆಕ್ಕಾಚಾರ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಹೋಲುವುದಿಲ್ಲ.

ಅವನ್ನು ಬೇರ್ಪಡಿಸಿ ನೋಡಲು ನಾಲ್ಕು ಪ್ರಶ್ನೆ ಸಾಕು. ಜಮೀನು ಯಾರ ಹೆಸರಿನಲ್ಲಿದೆ? ದುಡಿದ ಹಣ ಯಾರ ಖಾತೆಗೆ ಹೋಗುತ್ತದೆ? ತೀರ್ಮಾನ ಯಾರು ಮಾಡುತ್ತಾರೆ? ಬಿಟ್ಟು ಹೋಗುವಾಗ ಕೈಗೆ ಏನು ಸಿಗುತ್ತದೆ? ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿ. ಸೇರುವ ದಿನ ಎಲ್ಲ ವ್ಯವಸ್ಥೆಯೂ ಚೆನ್ನಾಗಿಯೇ ಕಾಣುತ್ತದೆ. ಸಾವು, ವಿಚ್ಛೇದನ, ವರ್ಗಾವಣೆ, ಮನಸ್ತಾಪ ಬಂದಾಗಲೇ ಕಾಗದದ ಮೇಲೆ ಏನು ಬರೆದಿದೆ ಅನ್ನುವುದು ಮುಖ್ಯವಾಗುತ್ತದೆ.

ಕೋಹೌಸಿಂಗ್‌ನ ಗುರುತು

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್‌ಮಾಂಡ್-ಹೋಯರ್ 1964ರಲ್ಲಿ ಗೆಳೆಯರನ್ನು ಕೂಡಿಸಿ ಈ ಬಗೆಯ ವಸತಿಯ ಯೋಚನೆ ಶುರುಮಾಡಿದರು. ಕೋಪನ್‌ಹೇಗನ್ ಹತ್ತಿರ ಜಾಗವನ್ನೂ ಕೊಂಡರು. ಅಕ್ಕಪಕ್ಕದವರ ವಿರೋಧದಿಂದ ಆ ಯೋಜನೆ ನಿಂತುಹೋಯಿತು. 1972ರಲ್ಲಿ ಹಿಲ್ಲರೋಡ್ ಬಳಿ ಸೆಟ್ಟೆಡಾಮೆನ್ ಎದ್ದಿತು: 27 ಮನೆ, ಎಲ್ಲರಿಗೂ ಸೇರಿ ಒಂದು ಕಾಮನ್ ಹೌಸ್. ಮರುವರ್ಷ ಗುಡ್‌ಮಾಂಡ್-ಹೋಯರ್ ಅವರ ಗುಂಪಿನದೇ ಸ್ಕ್ರೋಪ್ಲಾನೆಟ್, 33 ಮನೆ. ಕ್ಯಾಥ್ರಿನ್ ಮೆಕ್‌ಕ್ಯಾಮಂಟ್ ಮತ್ತು ಚಾರ್ಲ್ಸ್ ಡರೆಟ್ ಎಂಬ ವಾಸ್ತುಶಿಲ್ಪಿಗಳು ಇದನ್ನು ಅಮೆರಿಕಕ್ಕೆ ಪರಿಚಯಿಸಿದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ಬಂತು.

ಈ ಎಲ್ಲ ಕಡೆ ಕಾಣುವ ಲಕ್ಷಣ ಇಷ್ಟು. ಪ್ರತಿ ಮನೆಗೂ ಸ್ವಂತ ಬಾಗಿಲು, ಸ್ವಂತ ಅಡುಗೆಮನೆ, ಸ್ವಂತ ಬ್ಯಾಂಕ್ ಖಾತೆ. ಜತೆಗೆ ಕಾಮನ್ ಹೌಸ್: ದೊಡ್ಡ ಅಡುಗೆಮನೆ, ಊಟದ ಹಾಲ್, ಮಕ್ಕಳ ಕೋಣೆ, ಬಟ್ಟೆ ಒಗೆಯುವ ಜಾಗ, ನೆಂಟರಿಗೆ ಒಂದೆರಡು ರೂಮು. ವಾಹನಗಳು ಅಂಚಿನಲ್ಲೇ ನಿಲ್ಲುತ್ತವೆ. ಮನೆಗಳ ನಡುವೆ ನಡೆಯುವ ದಾರಿ. ನಕ್ಷೆ ಬರೆಯುವ ಹಂತದಿಂದಲೇ ಮುಂದೆ ವಾಸ ಮಾಡುವವರು ಒಟ್ಟಿಗೆ ಕೂತಿರುತ್ತಾರೆ, ಆಮೇಲೆ ಅದನ್ನು ನಡೆಸುವವರೂ ಅವರೇ. ಈ ಕೊನೆಯ ಅಂಶವೇ ಕೋಹೌಸಿಂಗನ್ನು ಗೇಟೆಡ್ ಕಮ್ಯುನಿಟಿಯಿಂದ ಬೇರೆ ಮಾಡುವುದು. ಕ್ಲಬ್ ಹೌಸ್, ಈಜುಕೊಳ ಅಲ್ಲೂ ಇರುತ್ತವೆ. ಅವು ಬಿಲ್ಡರ್ ಕೊಟ್ಟವು, ಸಂಬಳದ ಸಿಬ್ಬಂದಿ ನೋಡಿಕೊಳ್ಳುವಂಥವು.

ಬೆಂಗಳೂರು, ಮೈಸೂರಿನ ಹಳೆಯ ವಠಾರ ಕಂಡವರಿಗೆ ಈ ಜೋಡಣೆ ಪರಿಚಿತ ಅನ್ನಿಸುತ್ತದೆ. ಅಂಗಳ, ನಲ್ಲಿ, ಜಗಲಿಗಳನ್ನು ಅಲ್ಲೂ ಹಂಚಿಕೊಳ್ಳುತ್ತಿದ್ದರು. ಆದರೆ ವಠಾರಕ್ಕೆ ಮಾಲೀಕ ಒಬ್ಬನೇ. ನಲ್ಲಿ ಎಲ್ಲಿರಬೇಕು, ಪಕ್ಕದ ಮನೆಗೆ ಯಾರು ಬರಬೇಕು ಎಂದು ಹೇಳುವ ಹಕ್ಕು ಬಾಡಿಗೆಯವರಿಗೆ ಇರಲಿಲ್ಲ.

ಸ್ವಂತ ಮನೆ ಆಗಿರಲೇಬೇಕು ಎಂದೇನೂ ಇಲ್ಲ. ಡೆನ್ಮಾರ್ಕಿನಲ್ಲೇ 1978ರ ಟಿಂಗ್‌ಗಾರ್ಡನ್ ಬಾಡಿಗೆ ಮನೆಗಳ ಕೋಹೌಸಿಂಗ್. ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ 50 ದಾಟಿದ ಹೆಂಗಸರಿಗಾಗಿ 2016ರಲ್ಲಿ ತೆರೆದ ನ್ಯೂ ಗ್ರೌಂಡ್‌ನ 25 ಫ್ಲ್ಯಾಟುಗಳಲ್ಲಿ 8 ಕಡಿಮೆ ಬಾಡಿಗೆಯವು. ಅದು ಕೈಗೂಡಲು ಸುಮಾರು 18 ವರ್ಷ ಹಿಡಿಯಿತು ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಉಳಿದವುಗಳಲ್ಲಿ ಹಣ, ನೆಲ, ನಿರ್ಗಮನ

ಕಮ್ಯೂನಿನಲ್ಲಿ ಹಣದ ಚೀಲ ಒಂದೇ. ವರ್ಜೀನಿಯಾದ ಟ್ವಿನ್ ಓಕ್ಸ್ 1967ರಿಂದ ನಡೆದುಬಂದಿದೆ. ಸುಮಾರು ನೂರು ಜನ. ವಾರಕ್ಕೆ ಸುಮಾರು 40 ಗಂಟೆ ಕೆಲಸ, ಅದರಲ್ಲಿ ಟೋಫು ತಯಾರಿಕೆಯೂ ಸೇರುತ್ತದೆ, ಅಡುಗೆ, ಪಾತ್ರೆ, ಮಗು ನೋಡಿಕೊಳ್ಳುವುದೂ ಸೇರುತ್ತದೆ. ಮನೆಕೆಲಸವನ್ನು ಕೆಲಸವೆಂದೇ ಎಣಿಸುವ ಈ ಪದ್ಧತಿ ಬೇರೆ ಯಾವ ಮಾದರಿಯಲ್ಲೂ ಇಷ್ಟು ನೇರವಾಗಿಲ್ಲ, ಅದಕ್ಕಾಗಿಯೇ ಅದನ್ನು ಓದಿ ತಿಳಿಯಬೇಕು. ಬದಲಿಗೆ ವಸತಿ, ಊಟ, ವೈದ್ಯಕೀಯ ಖರ್ಚು ಮತ್ತು ಸಣ್ಣ ಕೈಖರ್ಚು. ಸೇರಬೇಕೆಂದರೆ ಮೊದಲು ಮೂರು ವಾರ ಇದ್ದು ನೋಡಬೇಕು, ಸದಸ್ಯರು ಒಪ್ಪಿದರೆ ಆರು ತಿಂಗಳು ತಾತ್ಕಾಲಿಕ ಸದಸ್ಯತ್ವ. ಬಿಟ್ಟು ಹೋಗುವಾಗ ಅಲ್ಲಿ ಬೆಳೆದ ಆಸ್ತಿಯಲ್ಲಿ ಪಾಲಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುವ ಜವಾಬ್ದಾರಿ ಇದ್ದವರಿಗೆ, ಸಾಲ ತೀರಿಸುತ್ತಿರುವವರಿಗೆ ಇದು ಹೊಂದುವುದಿಲ್ಲ.

ಇಸ್ರೇಲಿನ ಕಿಬ್ಬುಟ್ಸ್ ಇದೇ ತತ್ವದ ದೊಡ್ಡ ಪ್ರಯೋಗ. ಮೊದಲನೆಯದಾದ ಡೆಗಾನಿಯಾ 1910ರದು. 1980ರ ದಶಕದ ಸಾಲದ ಬಿಕ್ಕಟ್ಟಿನ ನಂತರ ಬಹುಪಾಲು ಕಿಬ್ಬುಟ್ಸ್‌ಗಳು ಅವರವರ ಕೆಲಸಕ್ಕೆ ತಕ್ಕ ಸಂಬಳಕ್ಕೆ ಬದಲಾದವು. ಡೆಗಾನಿಯಾ ಕೂಡ 2007ರಲ್ಲಿ ಬದಲಾಯಿತು. ಒಳಗಿನ ಸಮಾನ ಪಾಲಿಗೂ ಹೊರಗಿನ ಸಂಬಳಕ್ಕೂ ಅಂತರ ಹೆಚ್ಚಿದಷ್ಟೂ ಹೆಚ್ಚು ದುಡಿಯಬಲ್ಲವರು ಮೊದಲು ಹೊರಡುತ್ತಾರೆ. ಒಂದೇ ಚೀಲದ ಯಾವ ಗುಂಪಿಗೂ ಈ ಒತ್ತಡ ತಪ್ಪಿದ್ದಲ್ಲ.

ಇಕೋವಿಲೇಜ್ ಅನ್ನುವುದು ಗುರಿಯನ್ನು ಹೇಳುತ್ತದೆಯೇ ಹೊರತು ಒಡೆತನವನ್ನಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾ ಇಕೋವಿಲೇಜ್ ಒಳಗೆ ಇರುವುದು ಮೂರು ಕೋಹೌಸಿಂಗ್ ಕೇರಿಗಳು. ಮಿಸೌರಿಯ ಡಾನ್ಸಿಂಗ್ ರ‍್ಯಾಬಿಟ್‌ನಲ್ಲಿ 280 ಎಕರೆ ನೆಲ ಟ್ರಸ್ಟಿನದು. ಸದಸ್ಯರು ನಿವೇಶನವನ್ನು ಗುತ್ತಿಗೆಗೆ ಪಡೆದು ಮನೆ ಕಟ್ಟುತ್ತಾರೆ, ಸ್ವಂತ ಕಾರು ಇಟ್ಟುಕೊಳ್ಳುವಂತಿಲ್ಲ. ಎರಡಕ್ಕೂ ಹೆಸರು ಒಂದೇ, ಕರಾರು ಪೂರ್ತಿ ಬೇರೆ. ಹಾಗಾಗಿ ಇಕೋವಿಲೇಜ್ ಅನ್ನುವ ಬೋರ್ಡು ಕಂಡರೆ ಸೋಲಾರ್ ಎಷ್ಟು ಕಿಲೋವ್ಯಾಟ್ ಎಂದು ಕೇಳುವ ಮುಂಚೆ ಕ್ರಯಪತ್ರದ ಪ್ರತಿ ಕೇಳಿ.

ಪುದುಚೇರಿ ಬಳಿಯ ಆರೋವಿಲ್ ನಮಗೆ ಹತ್ತಿರದ್ದು, ಆದ್ದರಿಂದ ತಪ್ಪು ಕಲ್ಪನೆಯೂ ಹೆಚ್ಚು. 1968ರಲ್ಲಿ ಶುರುವಾಯಿತು, 1988ರ ಕೇಂದ್ರ ಕಾಯ್ದೆಯ ಪ್ರಕಾರ ಆಸ್ತಿ ಆರೋವಿಲ್ ಪ್ರತಿಷ್ಠಾನದ್ದು. ಆಡಳಿತ ಮಂಡಳಿ, ನಿವಾಸಿಗಳ ಸಭೆ, ಅಂತರರಾಷ್ಟ್ರೀಯ ಸಲಹಾ ಮಂಡಳಿ ಎಂದು ಮೂರು ಅಂಗಗಳಿವೆ. ಸ್ವಂತ ದುಡ್ಡು ಹಾಕಿ ಮನೆ ಕಟ್ಟಿದವರೂ ಅದರ ಮಾಲೀಕರಲ್ಲ; ಮಾರುವಂತಿಲ್ಲ. ಮಾನವ ಏಕತೆ ಎಂಬ ಅಲ್ಲಿನ ಉದ್ದೇಶವನ್ನು ಒಪ್ಪಿ ಹೋಗುವವರಿಗೆ ಅದೊಂದು ಬದುಕಿನ ದಾರಿ. ನಿವೃತ್ತಿಗೆ ಒಂದು ಮನೆ ಬೇಕು ಅನ್ನುವವರಿಗೆ ಅಲ್ಲ.

ಇನ್ನು ಹೌಸಿಂಗ್ ಕೋಆಪರೇಟಿವ್. ಇಂಗ್ಲೆಂಡಿನ ಲೀಡ್ಸ್‌ನ ಲಿಲಾಕ್ ಈ ಬಗೆಯದು, ವಿನ್ಯಾಸದಲ್ಲಿ ಕೋಹೌಸಿಂಗೂ ಹೌದು: 2013ರಲ್ಲಿ ಮುಗಿದ 20 ಮನೆ, ಮಾಲೀಕತ್ವ ಸಂಘದ್ದು. ಪ್ರತಿ ಮನೆಯವರು ಕೈಗೆ ಬರುವ ಆದಾಯದ 35 ಪ್ರತಿಶತ ಕಟ್ಟುತ್ತಾರೆ, ಅದಕ್ಕೆ ತಕ್ಕ ಷೇರು ಜಮೆಯಾಗುತ್ತದೆ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಹುಟ್ಟಿದ ಮೀಟ್ಸ್‌ಹೊಯ್ಸರ್ ಸಿಂಡಿಕಾಟ್ ಎಂಬ ಬಾಡಿಗೆ ಮನೆಗಳ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ: ಪ್ರತಿ ಕಟ್ಟಡಕ್ಕೂ ಒಂದು ಕಂಪನಿ, ಪಾಲುದಾರರು ಇಬ್ಬರೇ, ನಿವಾಸಿಗಳ ಸಂಘ ಮತ್ತು ಸಿಂಡಿಕಾಟ್. ಮಾರಾಟಕ್ಕೆ ಸಿಂಡಿಕಾಟ್ ಒಪ್ಪದಿದ್ದರೆ ಮಾರುವಂತಿಲ್ಲ. ಬೆಲೆ ಏರಿಕೆಯ ಲಾಭ ಯಾರಿಗೂ ಇಲ್ಲ, ಆ ಕಾರಣಕ್ಕೆ ಮುಂದೆ ಬರುವವರಿಗೂ ಬಾಡಿಗೆ ಏರುವುದಿಲ್ಲ. ಕೈಯಲ್ಲಿ ದೊಡ್ಡ ಗಂಟಿಲ್ಲದ ಕಿರಿಯರಿಗೆ ನಾವು ಕೋಹೌಸಿಂಗ್‌ಗಿಂತ ಈ ಮಾದರಿಯನ್ನೇ ಸೂಚಿಸುತ್ತೇವೆ. ಸ್ವಂತ ಮನೆಯ ಕೋಹೌಸಿಂಗ್ ಅಗ್ಗವಲ್ಲ. ಅಕ್ಕಪಕ್ಕದ ಫ್ಲ್ಯಾಟಿನಷ್ಟೇ ಅಥವಾ ತುಸು ಹೆಚ್ಚೇ ಬೀಳುತ್ತದೆ.

ನೋಡಲು ಹೋದಾಗ

ಒಂದು ಭಾನುವಾರ ಹೋಗಿ ಬಂದರೆ ಏನೂ ತಿಳಿಯುವುದಿಲ್ಲ. ನೆಂಟರ ರೂಮಿನಲ್ಲಿ ಮೂರು ನಾಲ್ಕು ರಾತ್ರಿ ಉಳಿಯಿರಿ, ಅದರಲ್ಲಿ ಒಂದು ಕೆಲಸದ ದಿನವೂ ಒಂದು ಮೀಟಿಂಗೂ ಇರುವಂತೆ ನೋಡಿಕೊಳ್ಳಿ. ಕಳೆದ ಆರು ತಿಂಗಳ ಸಭೆಯ ನಡಾವಳಿ ಕೇಳಿ. ಒಂದೇ ವಿಷಯ ನಾಲ್ಕು ಸಭೆಗಳಲ್ಲಿ ಮತ್ತೆ ಮತ್ತೆ ಬಂದಿದ್ದರೆ ತೀರ್ಮಾನದ ಪದ್ಧತಿ ಕೆಟ್ಟಿದೆ ಎಂದು ತಿಳಿಯಿರಿ. ಕೊನೆಯ ಮೂರು ವರ್ಷದಲ್ಲಿ ಬಿಟ್ಟು ಹೋದವರು ಎಷ್ಟು ಮನೆ, ಏಕೆ, ಮನೆ ಮಾರಲು ಎಷ್ಟು ಕಾಲ ಹಿಡಿಯಿತು ಎಂದು ವಿಚಾರಿಸಿ; ಆಗುವುದಾದರೆ ಬಿಟ್ಟವರೊಬ್ಬರ ಜತೆ ಮಾತಾಡಿ. ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಚಾವಣಿ, ಬೋರ್‌ವೆಲ್, ಪಂಪುಗಳ ವಯಸ್ಸೆಷ್ಟು ಎಂದು ಬರೆದುಕೊಳ್ಳಿ.

ಕಾಮನ್ ಹೌಸಿಗೆ ಸಂಜೆ ಏಳಕ್ಕೆ ಹೋಗಿ ನಿಲ್ಲಿ. ದೀಪ ಹತ್ತಿದೆಯೇ? ನೋಟಿಸ್ ಬೋರ್ಡಿನಲ್ಲಿ ಈ ವಾರದ ಊಟದ ಪಟ್ಟಿ ಇದೆಯೇ, ಅಥವಾ ಹಳೆಯ ಹಬ್ಬದ ಚೀಟಿ ಬಣ್ಣಗೆಟ್ಟು ನೇತಾಡುತ್ತಿದೆಯೇ? ಇದಕ್ಕಿಂತ ನಂಬುವಂಥ ಸಾಕ್ಷಿ ಇನ್ನಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಮನೆ ಮಾರುವಾಗ ಜನಾಂಗ, ಧರ್ಮ, ಮೂಲದೇಶ ನೋಡಿ ನಿರಾಕರಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆಗೆ ವಿರುದ್ಧ. ಆದ್ದರಿಂದ ಕೋಹೌಸಿಂಗ್ ಗುಂಪುಗಳು ಸಾಮಾನ್ಯವಾಗಿ ಸಂದರ್ಶನ ಮಾಡಿ ಆರಿಸುವುದಿಲ್ಲ. ಬಂದವರು ಸಭೆ, ಊಟಗಳಲ್ಲಿ ಭಾಗವಹಿಸಿ ತಮಗೆ ಹೊಂದುತ್ತದೆಯೇ ಎಂದು ತಾವೇ ನಿರ್ಧರಿಸಿಕೊಳ್ಳುತ್ತಾರೆ.

ಊಟವೇ ಅಡಿಪಾಯ

ಸಾಮೂಹಿಕ ಊಟ ನಿಂತ ಕೋಹೌಸಿಂಗ್ ಒಂದೆರಡು ವರ್ಷದಲ್ಲಿ ಮಾಮೂಲಿ ಬಡಾವಣೆಯಾಗುತ್ತದೆ. ಆದ್ದರಿಂದ ಇದರ ಲೆಕ್ಕ ಬಾಯಿಮಾತಿನಲ್ಲಿ ಇರಬಾರದು. 24 ಮನೆ, 40 ವಯಸ್ಕರು, ವಾರಕ್ಕೆ ಮೂರು ರಾತ್ರಿ ಊಟ ಎಂದಿಟ್ಟುಕೊಳ್ಳಿ. ಪ್ರತಿ ಊಟಕ್ಕೆ ಒಬ್ಬರು ಮುಖ್ಯ ಅಡುಗೆ, ಒಬ್ಬರು ಜತೆಗೆ, ಒಬ್ಬರು ಪಾತ್ರೆ ಮತ್ತು ಹಾಲ್ ಶುಚಿ ಮಾಡಲು. ವಾರಕ್ಕೆ 9 ಪಾಳಿ. ಅಂದರೆ ಒಬ್ಬೊಬ್ಬರ ಸರದಿ ಬರುವುದು ನಾಲ್ಕು ವಾರಕ್ಕೊಮ್ಮೆ ಅಥವಾ ಸ್ವಲ್ಪ ತಡವಾಗಿ. ಒಂದು ಸಂಜೆಯ ಮೂರು ಗಂಟೆ ದುಡಿಮೆಗೆ ಹನ್ನೆರಡು ಹದಿಮೂರು ಊಟ ಸಿದ್ಧವಾಗಿ ಸಿಗುತ್ತದೆ. ಇದೇ ಗುಂಪು 10 ಮನೆಯದಾಗಿ, 16 ವಯಸ್ಕರಿದ್ದರೆ ಸರದಿ ಎರಡು ವಾರದೊಳಗೆ ಬರುತ್ತದೆ, ಜನ ದಣಿಯುತ್ತಾರೆ. ಸುಮಾರು 15ರಿಂದ 35 ಮನೆ ಹಿತವಾದ ಗಾತ್ರ ಅನ್ನುವುದಕ್ಕೆ ಇದೂ ಒಂದು ಕಾರಣ. 35 ದಾಟಿದರೆ ಎಲ್ಲರ ಹೆಸರು ನೆನಪಿಡುವುದೇ ಕಷ್ಟ.

ಹೆಸರು ಬರೆಸುವುದು ಎರಡು ದಿನ ಮುಂಚೆ ಮುಗಿಯಬೇಕು. ಬರೆಸಿ ಬಾರದವರಿಗೂ ಹಣ ಬೀಳಬೇಕು, ಇಲ್ಲವಾದರೆ ಅನ್ನ ಮಿಗುತ್ತದೆ, ಅಡುಗೆ ಮಾಡಿದವರಿಗೆ ಬೇಸರವಾಗುತ್ತದೆ. ದಿನಸಿಯ ಖರ್ಚನ್ನು ತಿಂದವರ ಸಂಖ್ಯೆಯಿಂದ ಭಾಗಿಸಿ ತಿಂಗಳ ಕೊನೆಗೆ ಮನೆವಾರು ಬಿಲ್ ಕೊಡಿ. ಅಡುಗೆಗೆ ಭಟ್ಟರನ್ನು ಇಟ್ಟರೆ ಅದು ಮೆಸ್ ಆಗುತ್ತದೆ. ಪಾತ್ರೆಯ ಪಾಳಿ ಭಾರವಾದರೆ ಅದಕ್ಕೆ ಸಂಬಳ ಕೊಟ್ಟು ಜನ ಇಡಬಹುದು, ಅಡುಗೆ ಮಾತ್ರ ಸದಸ್ಯರ ಕೈಯಲ್ಲೇ ಇರಲಿ. ಹಾಗೆ ಕೆಲಸಕ್ಕೆ ಬರುವವರೂ ಅದೇ ಹಾಲಿನಲ್ಲಿ ಕೂತು ಉಣ್ಣಬೇಕು, ಅದೇ ಶೌಚಾಲಯ ಬಳಸಬೇಕು. ಇದನ್ನು ನಿಯಮವಾಗಿಯೇ ಬರೆಯಿರಿ.

ಸಸ್ಯಾಹಾರ, ಮೊಟ್ಟೆ, ಮಾಂಸ, ಈರುಳ್ಳಿ-ಬೆಳ್ಳುಳ್ಳಿಯ ಪ್ರಶ್ನೆಯನ್ನು ಜಮೀನು ನೋಡುವ ಮೊದಲೇ ಎತ್ತಿ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅನ್ನುವ ನಿಯಮ ಬಹುತೇಕ ಜಾತಿಯ ಜರಡಿಯೇ ಆಗುತ್ತದೆ. ಅಂಥ ಗುಂಪು ಕಟ್ಟಿ ಅದನ್ನು ಸಮುದಾಯ ಎಂದು ಕರೆಯುವುದನ್ನು ನಾವು ಒಪ್ಪುವುದಿಲ್ಲ. ಕೆಲಸ ಮಾಡುವ ದಾರಿ ಇದೆ: ಪ್ರತಿ ಊಟಕ್ಕೂ ಒಂದು ಪೂರ್ತಿ ಸಸ್ಯಾಹಾರಿ ಪಂಕ್ತಿ ಇರಲೇಬೇಕು, ಮಾಂಸದ ಅಡುಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸಿಂಕಿನಲ್ಲಿ. ಸಿಂಕು ಮತ್ತು ಒಲೆ ನಕ್ಷೆಯಲ್ಲೇ ಬರಬೇಕಾದವು. ಆಮೇಲೆ ಜೋಡಿಸಲು ಹೋದರೆ ಪ್ಲಂಬಿಂಗ್ ಒಡೆಯಬೇಕು.

ಊಟಕ್ಕೆ ಜನ ಬಾರದೆ ಹೋಗಲು ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ: ಸದ್ದು. ಕಾಂಕ್ರೀಟ್ ಚಾವಣಿ, ವಿಟ್ರಿಫೈಡ್ ಟೈಲ್ಸ್ ನೆಲ, ಗಾಜಿನ ಕಿಟಕಿ ಇರುವ ಹಾಲಿನಲ್ಲಿ 40 ಜನ ಮಾತಾಡಿದರೆ ಪ್ರತಿಧ್ವನಿಗೆ ಎದುರಿಗಿದ್ದವರ ಮಾತೂ ಕೇಳದು. ಕಿವಿ ಮಂದವಾದ ಹಿರಿಯರು ಮೊದಲು ಬಿಡುತ್ತಾರೆ, ಹಿಂದೆಯೇ ಸಣ್ಣ ಮಕ್ಕಳ ತಾಯಂದಿರು. ಚಾವಣಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಸದ್ದು ಹೀರುವ ವುಡ್‌ವೂಲ್ ಹಲಗೆ ಹೊಡೆಸಿ, ಒಂದು ಗೋಡೆಗೆ ದಪ್ಪ ಪರದೆ ಇಳಿಬಿಡಿ. ಉಣ್ಣುವವರಿಗೆ ತಲಾ 15ರಿಂದ 20 ಚದರಡಿ ಜಾಗ ಬಿಡಿ. ಹಾಲನ್ನು ಮದುವೆ ಮಂಟಪದಷ್ಟು ದೊಡ್ಡದು ಮಾಡಿದರೆ ಹದಿನೈದು ಜನ ಬಂದ ದಿನ ಭಣಭಣ ಅನ್ನುತ್ತದೆ.

ತೀರ್ಮಾನ ಮಾಡುವ ಬಗೆ

ಬಹುಪಾಲು ಕೋಹೌಸಿಂಗ್‌ಗಳಲ್ಲಿ ಎಲ್ಲರ ಒಪ್ಪಿಗೆಯ ಮೇಲೆ ತೀರ್ಮಾನ. ಒಪ್ಪುತ್ತೇನೆ, ಒಪ್ಪಿಗೆ ಇಲ್ಲ ಆದರೆ ಅಡ್ಡ ಬರುವುದಿಲ್ಲ, ತಡೆಯುತ್ತೇನೆ ಎಂದು ಮೂರು ನಿಲುವು. ಕೆಡುವುದು ಮೂರನೆಯದರಲ್ಲಿ. ತಡೆಯುವವರು ಅದು ಗುಂಪಿನ ಲಿಖಿತ ಉದ್ದೇಶಕ್ಕೆ ಹೇಗೆ ವಿರುದ್ಧ ಎಂದು ತೋರಿಸಬೇಕು, ತಿಂಗಳೊಳಗೆ ಬದಲಿ ಪ್ರಸ್ತಾಪ ತರಬೇಕು; ಎರಡು ಸಭೆಯಲ್ಲೂ ಬಗೆಹರಿಯದಿದ್ದರೆ 75 ಪ್ರತಿಶತ ಮತಕ್ಕೆ ಹಾಕಬೇಕು. ಈ ಹಿಂಬಾಗಿಲು ಇಲ್ಲದಿದ್ದರೆ ಹಟಮಾರಿ ಒಬ್ಬರ ಕೈಯಲ್ಲಿ ಇಡೀ ಗುಂಪು ಸಿಕ್ಕಿಕೊಳ್ಳುತ್ತದೆ. ತೋಟ, ಅಡುಗೆ, ದುರಸ್ತಿಗಳಿಗೆ ಸಣ್ಣ ಸಮಿತಿ ಮಾಡಿ, ಇಂತಿಷ್ಟು ರೂಪಾಯಿವರೆಗೆ ಅವರದೇ ಅಧಿಕಾರ ಎಂದು ಬಿಟ್ಟುಬಿಡಿ. ಪೊರಕೆ ಯಾವುದು ತರಬೇಕು ಎಂದು 40 ಜನ ಚರ್ಚಿಸುವ ಸಭೆಗೆ ಮುಂದಿನ ಸಲ ಯಾರೂ ಬರುವುದಿಲ್ಲ.

ಕರ್ನಾಟಕದಲ್ಲಿ ಕಟ್ಟುವುದಾದರೆ

ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಇಲ್ಲಿ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಮನೆಗಳ ಸಾಲು ಕಟ್ಟುವಂತಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ಫಾರ್ಮ್ ಕಮ್ಯುನಿಟಿ ಹೆಸರಿನಲ್ಲಿ ಮಾರುವ ಗುಂಟೆ ಲೆಕ್ಕದ ತುಂಡುಗಳಲ್ಲಿ ಬಹಳಷ್ಟು ಬೀಳುವುದು ಇಲ್ಲೇ: ಪಹಣಿ ಜಂಟಿ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ, ಪರಿವರ್ತನೆ ಇಲ್ಲ, ಬ್ಯಾಂಕಿನಿಂದ ಗೃಹಸಾಲವೂ ಇಲ್ಲ. ಮುಂಗಡ ಕೊಡುವ ಮುಂಚೆ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ), ಸರ್ವೆ ನಕ್ಷೆಗಳನ್ನು ಗುಂಪಿನ ಸ್ವಂತ ವಕೀಲರಿಂದ ನೋಡಿಸಿ, ಮಾರುವವರು ತೋರಿಸಿದ ವಕೀಲರಿಂದ ಅಲ್ಲ.

ಬಡಾವಣೆಯಾಗಿ ಸೈಟು ಮಾಡಿಕೊಂಡರೆ ರಸ್ತೆ, ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕಾಗುತ್ತದೆ. ನಿಮ್ಮ ನಡುದಾರಿ, ತೋಟ ಕಾನೂನಿನಲ್ಲಿ ನಿಮ್ಮದಾಗಿ ಉಳಿಯುವುದಿಲ್ಲ. ಆದ್ದರಿಂದ ಸಮೂಹ ವಸತಿಯಾಗಿ ನಕ್ಷೆ ಮಂಜೂರು ಮಾಡಿಸಿ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸಿ, ನೆಲದಲ್ಲಿ ಪ್ರತಿ ಮನೆಗೂ ಅವಿಭಾಜ್ಯ ಪಾಲು ಇಟ್ಟುಕೊಳ್ಳುವುದು ಕೋಹೌಸಿಂಗ್‌ಗೆ ಹೆಚ್ಚು ಹೊಂದುತ್ತದೆ. ಜಾಗ 500 ಚದರ ಮೀಟರ್ ಅಥವಾ ಮನೆಗಳು 8 ದಾಟಿ, ಮಾರಾಟವೂ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ವಿಚಾರಿಸಿಕೊಳ್ಳಿ.

ಹೊರಗಿನವರಿಗೆ ಎಂದೂ ಮಾರಬಾರದು ಎಂದು ಬರೆದರೆ ಅದು ನಿಲ್ಲುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮು ಅಂಥ ಪೂರ್ತಿ ನಿರ್ಬಂಧವನ್ನು ಅನೂರ್ಜಿತ ಮಾಡುತ್ತದೆ. ಮಾರುವವರು ಮೊದಲು ಗುಂಪಿಗೆ 60 ದಿನ ಅವಕಾಶ ಕೊಡಬೇಕು, ಬೆಲೆಯನ್ನು ಇಬ್ಬರು ಮೌಲ್ಯಮಾಪಕರ ಸರಾಸರಿಯಿಂದ ಕಟ್ಟಬೇಕು ಎಂದು ಬರೆಯಿರಿ. ವಿದೇಶದ ಮಕ್ಕಳಿಗೆ ಮನೆ ಬಂದು, ಅವರು ಬಾಡಿಗೆಗೆ ಕೊಟ್ಟರೆ ಬಾಡಿಗೆದಾರರಿಗೆ ಅಡುಗೆ ಸರದಿ ಇದೆಯೇ, ಸಭೆಯಲ್ಲಿ ಮಾತಿದೆಯೇ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಹಿರಿಯರ ಗುಂಪಿನಲ್ಲಿ ಈ ಪ್ರಶ್ನೆ ಹತ್ತು ವರ್ಷದೊಳಗೆ ಬಂದೇ ಬರುತ್ತದೆ.

ಮನೆಗಳ ಜೋಡಣೆಯಲ್ಲಿ ವಾಸ್ತುವಿನ ಮಾತು ಏಳದೆ ಇರದು. ನಡುದಾರಿ ಪೂರ್ವ-ಪಶ್ಚಿಮವಾಗಿ ಹೋದರೆ ಅರ್ಧ ಮನೆಗಳ ಬಾಗಿಲು ದಕ್ಷಿಣಕ್ಕೆ ಬರುತ್ತದೆ, ಅವನ್ನು ತೆಗೆದುಕೊಳ್ಳಲು ಜನ ಹಿಂಜರಿಯುತ್ತಾರೆ. ದಾರಿ ಉತ್ತರ-ದಕ್ಷಿಣವಾದರೆ ಬಾಗಿಲುಗಳು ಪೂರ್ವ, ಪಶ್ಚಿಮಕ್ಕೆ, ಒಪ್ಪಿಸುವುದು ಸುಲಭ. ಪಶ್ಚಿಮಕ್ಕೆ ಬಾಗಿಲಿರುವ ಮನೆಗಳಿಗೆ ಸಂಜೆ ಬಿಸಿಲು ಹೊಡೆಯುವುದರಿಂದ ಜಗಲಿಯನ್ನು 8ರಿಂದ 10 ಅಡಿ ಆಳ ಮಾಡಿ. ಎದುರುಬದುರು ಮನೆಗಳ ನಡುವೆ 30ರಿಂದ 40 ಅಡಿ ಸಾಕು, ಅಡುಗೆಮನೆಯ ಕಿಟಕಿ ದಾರಿಯ ಕಡೆಗಿರಲಿ, ಹಿಂಭಾಗ ಪೂರ್ತಿ ಖಾಸಗಿ ಇರಲಿ. ಹಿಂದೆ ಯಾರ ಕಣ್ಣಿಗೂ ಬೀಳದೆ ಕೂರಲು ಜಾಗವಿದ್ದರೇ ಜನ ಮುಂದಿನ ಜಗಲಿಗೆ ನೆಮ್ಮದಿಯಾಗಿ ಬರುತ್ತಾರೆ.

ಕಾಮನ್ ಹೌಸಿನ ಖರ್ಚು ಮನೆಗಳ ಗಾತ್ರದಿಂದಲೇ ಬರಬೇಕು. 24 ಮನೆಗೆ 36 ಚದರದ ಕಾಮನ್ ಹೌಸ್ ಎಂದರೆ ಮನೆಗೆ ಒಂದೂವರೆ ಚದರ (ಒಂದು ಚದರಕ್ಕೆ 100 ಚದರಡಿ). ಚದರಡಿಗೆ 2,500 ರೂಪಾಯಿ ಹಿಡಿದರೆ 3.75 ಲಕ್ಷ. ನೆಂಟರ ರೂಮು, ವಾಷಿಂಗ್ ಮೆಷಿನ್ ಜಾಗ, ದೊಡ್ಡ ಊಟದ ಕೋಣೆ ಅಲ್ಲಿಗೆ ಹೋಗುವುದರಿಂದ ಸ್ವಂತ ಮನೆಯಲ್ಲಿ ಅಷ್ಟನ್ನು ಇಳಿಸಬಹುದು. ಕಾಮನ್ ಹೌಸನ್ನು ಮೊದಲೇ ಕಟ್ಟಿ. ಕೊನೆಗೆ ಇಟ್ಟುಕೊಂಡ ಗುಂಪುಗಳಲ್ಲಿ ಅಷ್ಟೊತ್ತಿಗೆ ಹಣ ಕರಗಿ ಅದು ಒಂದು ಶೆಡ್ಡಿಗೆ ಇಳಿಯುತ್ತದೆ. ಮೊದಲೇ ಕಟ್ಟಿದರೆ ಕಾಮಗಾರಿ ನಡೆಯುವಷ್ಟು ಕಾಲ ಸೈಟ್ ಆಫೀಸಾಗಿ, ಸಿಮೆಂಟ್ ಗೋದಾಮಾಗಿ, ವಾರಕ್ಕೊಮ್ಮೆ ಅಡುಗೆ ಸರದಿಯನ್ನು ಪರೀಕ್ಷಿಸುವ ಜಾಗವಾಗಿ ಒದಗುತ್ತದೆ. ಒಲೆ ಎತ್ತರ, ಸಿಂಕಿನ ಜಾಗ, ಬಾಗಿಲಿನ ಅಗಲ ಸರಿಯಿಲ್ಲದಿದ್ದರೆ ಗೊತ್ತಾಗಿ, ಗಾರೆಯವರು ಇರುವಾಗಲೇ ಸರಿಮಾಡಿಸಬಹುದು.